ನಡೆದರೆ ಕರಗುತ್ತಾ, ಎತ್ತಿದರೆ ಕರಗುತ್ತಾ?

ನನ್ನ ಕ್ಲಿನಿಕ್‌ಗೆ ಜನ ಬರುವುದು ಮಂಡಿನೋವು, ಸೊಂಟನೋವು, ಮೇಲೆತ್ತಲಾಗದ ಭುಜ ಅಂತ. ಚಿಕಿತ್ಸೆ ಮುಗಿದು ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಮಾತ್ರ ಹೆಚ್ಚುಕಡಿಮೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಮೇಡಂ, ಈ ಹೊಟ್ಟೆ ಕರಗ್ಬೇಕು ಅಂದ್ರೆ ವಾಕಿಂಗ್ ಸಾಕಾ, ಇಲ್ಲ ಜಿಮ್ಮಿಗೇ ಸೇರ್ಬೇಕಾ?"

ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಇಪ್ಪತ್ತು ವರ್ಷ ದಾಟಿತು. ಮೊದಲೆಲ್ಲ ಕೇಳುತ್ತಿದ್ದದ್ದು "ಎಷ್ಟು ಹೊತ್ತು ನಡೀಬೇಕು" ಅಂತ ಮಾತ್ರ. ಈಗ ಬೀದಿಗೊಂದು ಜಿಮ್ ಆಗಿದೆ, ಮೊಬೈಲ್ ತೆರೆದರೆ ಸಾಕು, ಉಪದೇಶ. ನಡೆಯೋದು ಟೈಮ್ ವೇಸ್ಟ್, ಭಾರ ಎತ್ತಿ ಅಂತ ಒಬ್ಬ. ಹೆಂಗಸರು ಭಾರ ಎತ್ತಿದರೆ ಮೈ ಗಂಡಸರ ಹಾಗೆ ಗಡುಸಾಗುತ್ತೆ ಅಂತ ಇನ್ನೊಬ್ಬರು. ಕೇಳಿ ಕೇಳಿ ತಲೆಕೆಟ್ಟವರು ಕೊನೆಗೆ ಎರಡನ್ನೂ ಬಿಟ್ಟು ಜೀರಿಗೆ ನೀರು ಕುಡಿಯುತ್ತಾ ಕೂರುತ್ತಾರೆ!

ಹೆಸರು ಇಂಗ್ಲಿಷಿನವು, ವಿಷಯ ಹಳೆಯದು. ಕಾರ್ಡಿಯೋ ಅಂದರೆ ಹೃದಯಕ್ಕೂ ಶ್ವಾಸಕೋಶಕ್ಕೂ ಒಂದೇ ಸಮನೆ ಕೆಲಸ ಕೊಡುವಂಥದ್ದು. ಬಿರುಸು ನಡಿಗೆ, ಓಟ, ಸೈಕಲ್, ಈಜು ಇವೆಲ್ಲ. ವೇಟ್ ಟ್ರೈನಿಂಗ್ ಅಂದರೆ ಸ್ನಾಯುವಿಗೆ ಭಾರ ಕೊಟ್ಟು, ಹತ್ತಾರು ಸಲ ಎತ್ತಿಸಿ ಇಳಿಸಿ, ದಣಿಸಿ, ಆಮೇಲೆ ಸುಧಾರಿಸಿಕೊಳ್ಳಲು ಬಿಡುವುದು. ಭಾರ ಕಬ್ಬಿಣದ್ದೇ ಆಗಬೇಕಿಲ್ಲ. ನಮ್ಮ ಮೈಸೂರಿನ ಗರಡಿಮನೆಗಳಲ್ಲಿ ಪೈಲ್ವಾನರು ಹೊಡೆಯುವ ಬಸ್ಕಿ, ದಂಡ ಇದೇ ಜಾತಿಯವು. ಅಲ್ಲಿ ಭಾರ ಅವರ ಮೈಯೇ. 'ಶಾಂತಲಾ', 'ರೂಪದರ್ಶಿ' ಕಾದಂಬರಿ ಬರೆದ ಕೆ.ವಿ. ಅಯ್ಯರ್ ಅವರು ಸ್ವಾತಂತ್ರ್ಯಕ್ಕೂ ಮೊದಲೇ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಷಿಯಂ ನಡೆಸಿ ಹುಡುಗರಿಗೆ ಕಬ್ಬಿಣ ಎತ್ತುವುದನ್ನು ಕಲಿಸಿದವರು. ಹಾಗಾಗಿ ಜಿಮ್ ಅನ್ನುವುದು ನಿನ್ನೆ ಮೊನ್ನೆ ಬಂದ ಶೋಕಿ ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ಈ ಎರಡು ಪಕ್ಷಗಳೂ ನಮ್ಮ ಮನೆಯಲ್ಲೇ ಇವೆ. ಒಂದು ಪಕ್ಷ ನಮ್ಮಕ್ಕ. ಐವತ್ತನಾಲ್ಕು ವರ್ಷ, ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡಿಗೆ, ಮಳೆ ಬಂದರೆ ಕೊಡೆ ಹಿಡಿದು ನಡಿಗೆ. ಇನ್ನೊಂದು ಪಕ್ಷ ಅವಳ ಮಗ. ಇಪ್ಪತ್ತೇಳು ವರ್ಷ, ಸಾಫ್ಟ್‌ವೇರ್ ಕೆಲಸ, ವಾರಕ್ಕೆ ಐದು ದಿನ ಜಿಮ್. ಅಂಗಿಯ ತೋಳು ಬಿಗಿಯಾಗುವಷ್ಟು ತೋಳು ಬೆಳೆಸಿದ್ದಾನೆ. ಅಮ್ಮ ನಡೆದದ್ದನ್ನು ಕಂಡರೆ ಅವನಿಗೆ ನಗು. ಮಗ ಕನ್ನಡಿ ಮುಂದೆ ನಿಂತದ್ದನ್ನು ಕಂಡರೆ ಅವಳಿಗೆ ನಗು.

ಹೋದ ವರ್ಷ ಆಷಾಢಕ್ಕೆ ಮೊದಲು ಒಂದು ಭಾನುವಾರ ಮೂವರೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆವು. ಮೆಟ್ಟಿಲು ಸಾವಿರ ಇವೆ ಅಂತ ಎಲ್ಲರಿಗೂ ಗೊತ್ತು. ಅಕ್ಕ ಮಾತಾಡುತ್ತಾ, ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಿದ್ದ ಹೆಂಗಸರನ್ನು ವಿಚಾರಿಸಿಕೊಳ್ಳುತ್ತಾ ಹತ್ತಿದಳು. ಜಿಮ್ ಪೈಲ್ವಾನ ನಂದಿಗಿಂತ ಎಷ್ಟೋ ಕೆಳಗೇ ಮಂಟಪದ ಕಂಬ ಹಿಡಿದು ನಿಂತ. "ನಿನ್ನೆ ಲೆಗ್ ಡೇ ಇತ್ತು ಚಿಕ್ಕಮ್ಮ, ಅದಕ್ಕೆ" ಅಂದ. ಅಕ್ಕನಿಗೆ ಗೆದ್ದ ಖುಷಿ. ಆದರೆ ನಂದಿಯ ಹತ್ತಿರ ಕೆಳಗೆ ಕೂತವಳು ಏಳಬೇಕಾದಾಗ ಎಡಗೈ ನೆಲಕ್ಕೆ ಊರಿದಳು, ಬಲಗೈ ಮಗನ ಕಡೆ ಚಾಚಿದಳು. "ಹಿಡ್ಕೊಳ್ಳೋ ಸ್ವಲ್ಪ." ಅವನು ಒಂದೇ ಕೈಯಲ್ಲಿ ಅಮ್ಮನನ್ನು ಎತ್ತಿ ನಿಲ್ಲಿಸಿದ.

ಒಬ್ಬಳಿಗೆ ದಮ್ಮಿದೆ, ಎದ್ದು ನಿಲ್ಲುವ ಬಲವಿಲ್ಲ. ಒಬ್ಬನಿಗೆ ಬಲವಿದೆ, ದಮ್ಮಿಲ್ಲ. ಇನ್ನು ಹೊಟ್ಟೆ? ಅದು ಇಬ್ಬರಿಗೂ ಇತ್ತು!

ಲೆಕ್ಕ ಹಾಕಿ ನೋಡೋಣ

ಮೊದಲು ಖರ್ಚಿನ ಲೆಕ್ಕ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಶಕ್ತಿ ಕೂತಿರುತ್ತದೆ. ಅರವತ್ತು ಕಿಲೋ ತೂಕದ ಹೆಂಗಸು ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಡೆದರೆ ಖರ್ಚಾಗುವುದು ಸುಮಾರು 210 ಕ್ಯಾಲರಿ. ಅದರಲ್ಲೂ ಸುಮ್ಮನೆ ಟೀವಿ ಮುಂದೆ ಕೂತಿದ್ದರೂ 60 ಖರ್ಚಾಗುತ್ತಿತ್ತು. ಹಾಗಾಗಿ ನಡೆದದ್ದರ ನಿಜವಾದ ಲಾಭ 150. ಬರೀ ನಡಿಗೆಯಿಂದಲೇ ಒಂದು ಕಿಲೋ ಕೊಬ್ಬು ಕರಗಬೇಕಾದರೆ ಒಂದು ದಿನವೂ ತಪ್ಪದೆ ಐವತ್ತು ದಿನ ನಡೆಯಬೇಕು, ಆ ಐವತ್ತು ದಿನವೂ ಊಟ ಒಂದು ತುತ್ತು ಹೆಚ್ಚಾಗಬಾರದು. ವಾಕಿಂಗ್ ಮುಗಿಸಿ ಗುಂಪಿನವರೆಲ್ಲ ಹೋಟೆಲಿಗೆ ನುಗ್ಗಿ ಒಂದು ವಡೆ, ಒಂದು ಕಾಫಿ ಅಂದರೆ ಲೆಕ್ಕ ಅಲ್ಲಿಗೆ ಚುಕ್ತಾ.

ಭಾರ ಎತ್ತುವುದು? ಜಿಮ್ಮಿನಲ್ಲಿ ಒಂದು ಗಂಟೆ ಕಳೆದರೂ ನಿಜವಾಗಿ ಎತ್ತುವ ಸಮಯ ಕಾಲು ಗಂಟೆ, ಇಪ್ಪತ್ತು ನಿಮಿಷ ಅಷ್ಟೆ. ಮಿಕ್ಕದ್ದು ಸುಧಾರಿಸಿಕೊಳ್ಳುವುದು, ನಮ್ಮ ಹುಡುಗನ ಹಾಗಿದ್ದರೆ ಫೋಟೋ ತೆಗೆಯುವುದು. ಆ ಗಂಟೆಯ ಖರ್ಚು ಹೆಚ್ಚುಕಡಿಮೆ ಬಿರುಸು ನಡಿಗೆಯಷ್ಟೇ. ಓಡುವವರ ಹತ್ತಿರಕ್ಕೂ ಬರುವುದಿಲ್ಲ. ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ ಓಡುವವರು ಅರ್ಧ ಗಂಟೆಯಲ್ಲೇ ಇಷ್ಟು ಖರ್ಚು ಮಾಡಿಬಿಡುತ್ತಾರೆ.

"ಆದ್ರೆ ಚಿಕ್ಕಮ್ಮ, ಮಸಲ್ ಬೆಳೆದ್ರೆ ಮಲಗಿದ್ರೂ ಫ್ಯಾಟ್ ಕರಗುತ್ತೆ" ಅಂತ ಅಕ್ಕನ ಮಗನ ವಾದ. ಅವನದಷ್ಟೇ ಅಲ್ಲ, ಎಷ್ಟೋ ಟ್ರೈನರ್‌ಗಳೂ ಇದನ್ನೇ ಹೇಳುತ್ತಾರೆ. ಅರ್ಧ ನಿಜ. ಒಂದು ಕಿಲೋ ಸ್ನಾಯು ವಿಶ್ರಾಂತಿಯಲ್ಲಿರುವಾಗ ದಿನಕ್ಕೆ ಖರ್ಚು ಮಾಡುವುದು ಸುಮಾರು 13 ಕ್ಯಾಲರಿ, ಕೊಬ್ಬು ನಾಲ್ಕೈದು. ವರ್ಷವಿಡೀ ಬೆವರು ಸುರಿಸಿ ಎರಡು ಕಿಲೋ ಸ್ನಾಯು ಬೆಳೆಸಿದರೆ ದಿನಕ್ಕೆ ಬರುವ ಹೆಚ್ಚುವರಿ ಖರ್ಚು 26. ಒಂದು ಟೀ ಚಮಚ ಸಕ್ಕರೆಯಲ್ಲಿ 20 ಇರುತ್ತದೆ. ಕಾಫಿಗೆ ಹಾಕುವ ಸಕ್ಕರೆ ಒಂದು ಚಮಚ ಕಮ್ಮಿ ಮಾಡಿದರೂ ಹೆಚ್ಚುಕಡಿಮೆ ಇಷ್ಟೇ ಫಲ! ಮಲಗಿದಲ್ಲೇ ಕರಗುತ್ತೆ ಅನ್ನುವುದು ಮಾರಾಟದ ಮಾತು.

ಹಾಗೆಯೇ ಟ್ರೆಡ್‌ಮಿಲ್ ಮೇಲೆ ಅಂಟಿಸಿದ 'ಫ್ಯಾಟ್ ಬರ್ನಿಂಗ್ ಝೋನ್' ಚಾರ್ಟು. ನಿಧಾನ ನಡೆದಾಗ ದೇಹ ಬಳಸುವ ಇಂಧನದಲ್ಲಿ ಕೊಬ್ಬಿನ ಪಾಲು ಹೆಚ್ಚು, ನಿಜ. ಆದರೆ ಒಟ್ಟು ಖರ್ಚೇ ಕಡಿಮೆ ಆದಾಗ ಪಾಲು ದೊಡ್ಡದಾಗಿ ಏನು ಬಂತು? ಬೆವರಿನ ಕಥೆಯೂ ಅಷ್ಟೆ. ಬೇಸಿಗೆಯಲ್ಲಿ ಸ್ವೆಟರ್ ಹಾಕಿಕೊಂಡು ನಡೆಯುವವರನ್ನು ಕಂಡಿದ್ದೇನೆ. ಬೆವರಾಗಿ ಹೋಗುವುದು ನೀರು, ಒಂದು ಚೊಂಬು ಕುಡಿದರೆ ವಾಪಸ್. ಕರಗಿದ ಕೊಬ್ಬು ಬಹುಪಾಲು ಹೊರಗೆ ಹೋಗುವುದು ಉಸಿರಿನಲ್ಲಿ. ಹತ್ತು ಕಿಲೋ ಕೊಬ್ಬು ಕರಗಿದರೆ ಎಂಟು ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದಲೇ ಹೋಗುತ್ತದೆ ಅಂತ 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಲೆಕ್ಕ ಹಾಕಿ ಬರೆದಿದ್ದರು. ನನ್ನ ಪೇಷೆಂಟ್‌ಗಳಿಗೆ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಇಲ್ಲಿಯವರೆಗೆ ನೋಡಿದರೆ ಅಕ್ಕನ ಪಕ್ಷವೇ ಗೆದ್ದ ಹಾಗೆ. ಪ್ರಯೋಗಗಳೂ ಅದನ್ನೇ ಹೇಳುತ್ತವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವ್ಯಾಯಾಮದ ಅಭ್ಯಾಸವಿಲ್ಲದ, ತೂಕ ಹೆಚ್ಚಿದ್ದ 119 ಜನರನ್ನು ಮೂರು ಗುಂಪು ಮಾಡಿ ಎಂಟು ತಿಂಗಳು ನೋಡಿದರು. ಒಂದು ಗುಂಪು ವಾರಕ್ಕೆ ಸುಮಾರು 19 ಕಿಲೋಮೀಟರ್ ಬಿರುಸಾಗಿ ಸಾಗುವುದು, ಇನ್ನೊಂದು ವಾರಕ್ಕೆ ಮೂರು ದಿನ ಭಾರ ಎತ್ತುವುದು, ಮೂರನೆಯದು ಎರಡನ್ನೂ ಮಾಡುವುದು. ಊಟದಲ್ಲಿ ಬದಲಾವಣೆ ಇಲ್ಲ. ಕಾರ್ಡಿಯೋ ಗುಂಪಿನವರಿಗೆ ಸರಾಸರಿ 1.7 ಕಿಲೋದಷ್ಟು ಕೊಬ್ಬು ಹೋಯಿತು. ಬರೀ ಭಾರ ಎತ್ತಿದವರಲ್ಲಿ ಕೊಬ್ಬು ಹೆಚ್ಚುಕಡಿಮೆ ಇದ್ದಷ್ಟೇ ಇತ್ತು. ಅವರ ತೂಕ ಸ್ವಲ್ಪ ಏರಿತ್ತು, ಏಕೆಂದರೆ ಕೊಬ್ಬಲ್ಲದ ಮೈ ಒಂದು ಕಿಲೋದಷ್ಟು ಬೆಳೆದಿತ್ತು. ಎರಡೂ ಮಾಡಿದವರಿಗೆ ಸುಮಾರು 2.4 ಕಿಲೋ ಕೊಬ್ಬು ಇಳಿಯಿತು, ಆದರೆ ಅವರು ಹಾಕಿದ ಸಮಯವೂ ದುಪ್ಪಟ್ಟು.

ಗಮನಿಸಿ, ಎಂಟು ತಿಂಗಳಿಗೆ 1.7 ಕಿಲೋ. 'ತಿಂಗಳಿಗೆ ಹತ್ತು ಕಿಲೋ' ಬೋರ್ಡಿನ ಮುಂದೆ ಹಾದುಹೋಗುವಾಗ ಈ ಸಂಖ್ಯೆ ನೆನಪಿರಲಿ.

ತೂಕದ ಮೆಷಿನ್‌ಗೆ ಗೊತ್ತಿಲ್ಲದ್ದು

ಹಾಗಿದ್ದರೆ ನಡೀರಿ, ಮುಗೀತು ಅಂತ ನಾನು ಹೇಳಬಹುದಿತ್ತು. ಅಕ್ಕನ ರಿಪೋರ್ಟ್ ನೋಡದಿದ್ದರೆ ಹೇಳಿಯೂಬಿಡುತ್ತಿದ್ದೆನೇನೋ.

ಮಗಳ ಮದುವೆಗೆ ಮುಂಚೆ ಅಕ್ಕ ಏಳು ತಿಂಗಳಲ್ಲಿ ಆರು ಕಿಲೋ ಇಳಿಸಿದ್ದಳು. 61 ಇದ್ದದ್ದು 55 ಆಯಿತು. ಬೆಳಿಗ್ಗೆ ಒಂದೂವರೆ ಗಂಟೆ ನಡಿಗೆ, ರಾತ್ರಿ ಊಟದ ಬದಲು ಒಂದು ಲೋಟ ಮಜ್ಜಿಗೆ. ಮದುವೆ ಮನೆಯಲ್ಲಿ ಎಲ್ಲರೂ "ಎಷ್ಟು ಸಣ್ಣಗಾಗಿದೀಯೇ" ಅನ್ನುವವರೇ. ಮುಖ ಇಳಿದಿತ್ತು, ತೋಳು ಸಣ್ಣಗಾಗಿತ್ತು, ಬಳೆ ಜಾರುತ್ತಿತ್ತು. ಸೀರೆಯ ನೆರಿಗೆ ಸಿಕ್ಕಿಸುವ ಜಾಗದಲ್ಲಿ ಮಾತ್ರ ಹೊಟ್ಟೆ ಇದ್ದ ಹಾಗೇ. ಟೇಪು ಹಿಡಿದರೆ 88 ಸೆಂಟಿಮೀಟರ್. ನಮ್ಮ ಕಡೆಯ ಹೆಂಗಸರಿಗೆ 80, ಗಂಡಸರಿಗೆ 90 ದಾಟಬಾರದು ಅಂತ ವೈದ್ಯರು ಇಟ್ಟುಕೊಂಡಿರುವ ಮಿತಿ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.1. ಅದು 5.7ರಿಂದ 6.4ರ ನಡುವೆ ಇದ್ದರೆ ಪ್ರಿ ಡಯಾಬಿಟಿಸ್, ಸಕ್ಕರೆ ಕಾಯಿಲೆಯ ಹೊಸ್ತಿಲು. "ಇಷ್ಟು ನಡೆದಿದೀನಿ, ಇಷ್ಟು ಉಪವಾಸ ಬಿದ್ದಿದೀನಿ, ಆದ್ರೂ ಯಾಕೇ ಬಂತು?" ಅಂತ ಕಾಗದ ಹಿಡಿದುಕೊಂಡು ಬಂದಳು. ಕಣ್ಣಲ್ಲಿ ನೀರಿತ್ತು.

ಅದಕ್ಕೆ ಉತ್ತರದ ಒಂದು ಭಾಗ ಪುಣೆಯ ವೈದ್ಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಫೋಟೋದಲ್ಲಿದೆ. 2004ರಲ್ಲಿ ಅವರೂ ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅವರೂ ಅಕ್ಕಪಕ್ಕ ನಿಂತು ತೆಗೆಸಿದ ಫೋಟೋವನ್ನು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಪ್ರಕಟಿಸಿತು. ಇಬ್ಬರ ಬಿಎಂಐಯೂ ಒಂದೇ, 22.3. ನೋಡಲಿಕ್ಕೆ ಇಬ್ಬರೂ ಸಣ್ಣಗೇ. ಡೆಕ್ಸಾ ಸ್ಕ್ಯಾನ್ ಮಾಡಿದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ನಮ್ಮ ಯಾಜ್ಞಿಕ್ ಅವರಲ್ಲಿ ಶೇ. 21.2! ಒಬ್ಬರು ಮ್ಯಾರಥಾನ್ ಓಡುವವರು, ಇನ್ನೊಬ್ಬರ ಮುಖ್ಯ ವ್ಯಾಯಾಮ ಬೆಳಿಗ್ಗೆ ಆಸ್ಪತ್ರೆಯ ಲಿಫ್ಟ್ ಬಾಗಿಲು ಮುಚ್ಚುವ ಮೊದಲು ಓಡುವುದು ಅಂತ ಅದರಲ್ಲೇ ತಮಾಷೆಯಾಗಿ ಬರೆದಿದ್ದರು. ಜೊತೆಗೆ ಯಾಜ್ಞಿಕ್ ಹುಟ್ಟುವಾಗ ತೂಕ ಕಡಿಮೆ ಇತ್ತು ಅನ್ನುವುದನ್ನೂ ಸೇರಿಸಿದ್ದರು. ತಾಯಿಯ ಹೊಟ್ಟೆಯಲ್ಲಿದ್ದಾಗಿನ ಪೋಷಣೆಗೂ ಇದಕ್ಕೂ ನಂಟಿರಬಹುದು ಅನ್ನುವುದು ಅವರ ಅಂದಾಜು.

ಸಣ್ಣಗೆ ಕಾಣುವ ದಪ್ಪ ಮೈ. ಭಾರತೀಯರಲ್ಲಿ ಇದು ಸಾಮಾನ್ಯ. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ. ನಮ್ಮಲ್ಲಿ ಕೊಬ್ಬು ಜಾಸ್ತಿ ಅನ್ನುವುದು ಒಂದು ತೊಂದರೆ, ಸ್ನಾಯು ಕಡಿಮೆ ಅನ್ನುವುದು ಇನ್ನೊಂದು. ಊಟವಾದ ಮೇಲೆ ರಕ್ತಕ್ಕೆ ಇಳಿದ ಸಕ್ಕರೆಯ ದೊಡ್ಡ ಪಾಲನ್ನು ಹೀರಿ ಇಟ್ಟುಕೊಳ್ಳುವುದು ಸ್ನಾಯುವೇ. ಅದು ನಮ್ಮ ಕಣಜ ಅನ್ನಿ. ಕಣಜ ಚಿಕ್ಕದಾದರೆ ಧಾನ್ಯ ಅಂಗಳದಲ್ಲೇ ಉಳಿಯುತ್ತೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಜನ ಅಕ್ಕನ ಹಾಗೆ ಹೊಸ್ತಿಲಲ್ಲಿ.

ರಾತ್ರಿ ಊಟ ಬಿಟ್ಟು, ಬೆಳಿಗ್ಗೆ ನಡೆದು ಅಕ್ಕ ಕಳೆದುಕೊಂಡ ಆರು ಕಿಲೋದಲ್ಲಿ ಎಲ್ಲವೂ ಕೊಬ್ಬಲ್ಲ. ಊಟ ಕಡಿಮೆಯಾದಾಗ ದೇಹ ಕೊಬ್ಬನ್ನು ಮಾತ್ರ ಆರಿಸಿ ಸುಡುವುದಿಲ್ಲ, ಸ್ನಾಯುವನ್ನೂ ಮುರಿದು ಬಳಸುತ್ತದೆ. ಬಳಸದೆ ಇಟ್ಟ ಸ್ನಾಯುವಾದರೆ ಇನ್ನೂ ಸುಲಭ. ತೋಳು ಸಣ್ಣಗಾದದ್ದು, ಬಳೆ ಜಾರಿದ್ದು, ನೆಲದಿಂದ ಏಳಲು ಮಗನ ಕೈ ಬೇಕಾದದ್ದು ಅದರಿಂದಲೇ ಅಂತ ನನ್ನ ಊಹೆ. ತೂಕದ ಮೆಷಿನ್ 55 ತೋರಿಸುತ್ತೆ, ಹೋದದ್ದು ಏನು ಅಂತ ಅದಕ್ಕೆ ಗೊತ್ತಿರಲ್ಲ.

ಹೀಗಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವೂ ಇದೆ. 2017ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂದ ಒಂದು ಪ್ರಯೋಗ. 65 ದಾಟಿದ, ಬೊಜ್ಜಿದ್ದ 160 ಜನ, ಆರು ತಿಂಗಳು. ವ್ಯಾಯಾಮ ಮಾಡಿದ ಮೂರು ಗುಂಪಿಗೂ ಊಟದ ಪಥ್ಯ ಇತ್ತು, ಮೂರರ ತೂಕವೂ ಶೇ. 9ರಷ್ಟು ಇಳಿಯಿತು. ಮೆಷಿನ್ ಪ್ರಕಾರ ಮೂರೂ ಒಂದೇ. ಆದರೆ ಕೊಬ್ಬಲ್ಲದ ಮೈ ಕಾರ್ಡಿಯೋ ಗುಂಪಿನವರಲ್ಲಿ ಶೇ. 5ರಷ್ಟು ಸವೆದಿತ್ತು, ಭಾರ ಎತ್ತಿದವರಲ್ಲಿ ಶೇ. 2, ಎರಡೂ ಮಾಡಿದವರಲ್ಲಿ ಶೇ. 3. ಸೊಂಟದ ಮೂಳೆಯ ಸಾಂದ್ರತೆ ಕಾರ್ಡಿಯೋದವರಲ್ಲಿ ಶೇ. 3 ಇಳಿದರೆ ಭಾರ ಎತ್ತಿದವರಲ್ಲಿ ಬರೀ ಅರ್ಧ ಪರ್ಸೆಂಟ್. ಏಳುವುದು, ನಡೆಯುವುದು, ಮೆಟ್ಟಿಲು ಹತ್ತುವುದು ಇಂಥ ಕೆಲಸಗಳ ಪರೀಕ್ಷೆಯಲ್ಲಿ ಎರಡೂ ಮಾಡಿದವರೇ ಮುಂದೆ.

ಸೊಂಟದ ಮೂಳೆ ಅಂದಾಗ ನಮ್ಮಿಬ್ಬರಿಗೂ ನೆನಪಾಗುವುದು ಅಮ್ಮ. ಅಮ್ಮ ಯಾವತ್ತೂ ದಪ್ಪ ಇದ್ದವಳಲ್ಲ. ಎಪ್ಪತ್ತೆಂಟರಲ್ಲಿ ಬಿದ್ದದ್ದು ಜಾರಿಯೂ ಅಲ್ಲ, ಎಡವಿಯೂ ಅಲ್ಲ. ಕುರ್ಚಿಯಿಂದ ಏಳಲು ಹೋದಳು, ತೊಡೆ ಎತ್ತಿ ನಿಲ್ಲಿಸಲಿಲ್ಲ, ಪಕ್ಕಕ್ಕೆ ವಾಲಿದಳು. ಸೊಂಟ ಮುರಿಯಿತು. ಆಪರೇಷನ್ ಚೆನ್ನಾಗೇ ಆಯಿತು. ಆದರೆ ಮತ್ತೆ ಒಬ್ಬಳೇ ಬಚ್ಚಲಿಗೆ ಹೋಗಲಿಲ್ಲ, ಎರಡು ವರ್ಷ ಹಾಗೇ ಇದ್ದು ಹೋದಳು. ವಯಸ್ಸು ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ತಾನಾಗೇ ಸವೆಯುತ್ತದೆ, ಅರವತ್ತರ ನಂತರ ಇನ್ನೂ ಜೋರು. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಮೂಳೆಯೂ ಸವೆಯುತ್ತದೆ, ಕೊಬ್ಬು ತೊಡೆಯಿಂದ ಹೊಟ್ಟೆಗೆ ಜಾಗ ಬದಲಿಸುತ್ತದೆ. ಐವತ್ತನಾಲ್ಕರ ಅಕ್ಕ ಇದೆಲ್ಲದರ ಮೇಲೆ ರಾತ್ರಿ ಉಪವಾಸವನ್ನೂ ಹೇರಿಕೊಂಡಿದ್ದಳು.

ಈಗ ತೂಕ ಇಳಿಸುವ ಇಂಜೆಕ್ಷನ್‌ಗಳೂ ನಮ್ಮಲ್ಲಿ ಬಂದಿವೆ. ವೈದ್ಯರು ಹೇಳಿ ತೆಗೆದುಕೊಳ್ಳುತ್ತಿದ್ದರೆ ಸರಿ. ಆದರೆ ಹಸಿವು ಸತ್ತು ಬೇಗ ಇಳಿಯುವ ತೂಕದ ಜೊತೆ ಸ್ನಾಯುವೂ ಹೋಗುತ್ತದೆ, ಭಾರ ಎತ್ತುವ ವ್ಯಾಯಾಮ ಅವರಿಗೆ ಇನ್ನೂ ಮುಖ್ಯ.

ಕರಗಿಸುವುದು ಅಡುಗೆಮನೆ

ನನ್ನ ಅಭಿಪ್ರಾಯ ಕೇಳಿದರೆ, ಕೊಬ್ಬು ಇಳಿಸುವ ಕೆಲಸದಲ್ಲಿ ದೊಡ್ಡ ಪಾಲು ಅಡುಗೆಮನೆಯದು. ನಡಿಗೆ ಅದಕ್ಕೆ ಒತ್ತಾಸೆ, ಜೊತೆಗೆ ಹೃದಯ, ಬಿಪಿ, ನಿದ್ದೆ, ಮನಸ್ಸು ಎಲ್ಲಕ್ಕೂ ಒಳ್ಳೆಯದು. ಹೋಗುವುದು ಸ್ನಾಯುವಲ್ಲ, ಕೊಬ್ಬು ಅಂತ ಕಾವಲು ಕಾಯುವುದು ಭಾರ. ಮೂರರಲ್ಲಿ ಒಂದನ್ನೇ ಮಾಡುತ್ತೇನೆ ಅಂದರೆ ಯಾವುದೋ ಒಂದು ಕಡೆ ಸೋರುತ್ತದೆ.

ಎಣ್ಣೆ ಒಂದು ದೊಡ್ಡ ಚಮಚಕ್ಕೆ 120 ಕ್ಯಾಲರಿಗಿಂತ ಕಡಿಮೆಯಿಲ್ಲ. ಒಗ್ಗರಣೆಗೆ, ಪಲ್ಯಕ್ಕೆ, ದೋಸೆಗೆ ಅಂತ ದಿನಕ್ಕೆ ಒಬ್ಬರ ಪಾಲಿಗೆ ಒಂದು ಚಮಚ ಕಡಿಮೆಯಾದರೆ ಅದು ಅಕ್ಕನ ಮುಕ್ಕಾಲು ಗಂಟೆ ನಡಿಗೆಗೆ ಸಮ. ಆದರೆ ಎಣ್ಣೆಗಿಂತ ನಾನು ನೋಡುವ ತಟ್ಟೆಗಳಲ್ಲಿ ಎದ್ದು ಕಾಣುವುದು ಪ್ರೋಟೀನ್ ಇಲ್ಲದಿರುವುದು. ಬೆಳಿಗ್ಗೆ ಅವಲಕ್ಕಿ ಇಲ್ಲ ಚಿತ್ರಾನ್ನ, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಬಿಸ್ಕತ್ತು, ರಾತ್ರಿ ಮತ್ತೆ ಅದೇ ಅನ್ನ. ಐಸಿಎಂಆರ್ 2020ರಲ್ಲಿ ಹೇಳಿದ ಪ್ರಮಾಣ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್, ಅಂದರೆ ಅಕ್ಕನಿಗೆ ದಿನಕ್ಕೆ 45 ಗ್ರಾಂಗಿಂತ ಹೆಚ್ಚು. ತೂಕ ಇಳಿಸುತ್ತಾ ಸ್ನಾಯು ಉಳಿಸಿಕೊಳ್ಳಬೇಕಾದರೆ ಇನ್ನೂ ಸ್ವಲ್ಪ ಮೇಲೆಯೇ ಬೇಕು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ದೊಡ್ಡ ಲೋಟ ಹಾಲಿನಲ್ಲಿ ಆರೇಳು. ಹುರುಳಿ, ಹೆಸರುಕಾಳು, ಕಡಲೆ ಯಾವುದೇ ಆದರೂ ಒಣಗಿದ ಒಂದು ಹಿಡಿಯಲ್ಲಿ, ಅಂದರೆ 30 ಗ್ರಾಂನಲ್ಲಿ, ಆರೇಳು ಗ್ರಾಂ. ಬರೀ ಸಾರಿನ ಕಟ್ಟು ಬಸಿದುಕೊಂಡು ತಿಂದರೆ ಪ್ರೋಟೀನ್ ಪಾತ್ರೆಯ ತಳದಲ್ಲೇ ಉಳಿಯುತ್ತೆ. ಕಾಳು ತಟ್ಟೆಗೆ ಬರಬೇಕು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ಐದು ಕಿಲೋ ಅಕ್ಕಿ ಚೀಲ

ಅಕ್ಕ ಜಿಮ್ಮಿಗೆ ಬರುವುದಿಲ್ಲ ಅಂದಳು. "ಆ ಹುಡುಗರ ಮಧ್ಯೆ ಚೂಡಿದಾರ ಹಾಕ್ಕೊಂಡು ನಿಂತ್ಕೊಳ್ಳೋದಾ? ನನ್ನಿಂದಾಗಲ್ಲ ಕಣೇ." ಸರಿ, ಮನೆಯಲ್ಲೇ ಶುರು ಮಾಡಿದೆವು. ವಾರಕ್ಕೆ ಎರಡು ದಿನ, ಮಂಗಳವಾರ, ಶುಕ್ರವಾರ, ಇಪ್ಪತ್ತೈದು ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇಷ್ಟೇ: ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥದ್ದು, ಅದರ ಜೊತೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ. ಜನಕ್ಕೆ ಮೊದಲರ್ಧ ಮಾತ್ರ ನೆನಪಿದೆ. ಅಂದ ಹಾಗೆ ಹತ್ತು ಸಾವಿರ ಹೆಜ್ಜೆ ಅನ್ನುವುದು ಯಾವ ವೈದ್ಯರೂ ಬರೆದುಕೊಟ್ಟ ಸಂಖ್ಯೆಯಲ್ಲ, 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಾಟಕ್ಕಿಟ್ಟ ಹೆಜ್ಜೆ ಎಣಿಸುವ ಯಂತ್ರದ ಹೆಸರು.

ಮೊದಲು ಊಟದ ಕುರ್ಚಿ. ಕೈ ಎದೆಯ ಮೇಲೆ ಕಟ್ಟಿಕೊಂಡು, ಕೈ ಊರದೆ ಎದ್ದು ನಿಲ್ಲುವುದು, ಮೆಲ್ಲಗೆ ಕೂರುವುದು. ದೊಪ್ಪೆಂದು ಕೂತರೆ ಲೆಕ್ಕಕ್ಕಿಲ್ಲ, ಇಳಿಯುವಾಗಲೂ ಸ್ನಾಯು ಕೆಲಸ ಮಾಡಬೇಕು. ಮೊದಲ ದಿನ ಅಕ್ಕನಿಗೆ ಆರಕ್ಕೇ ಕಾಲು ನಡುಗಿತು. ಎಂಟು ಕಿಲೋಮೀಟರ್ ನಡೆಯುವ ಕಾಲು! ಆಮೇಲೆ ಗೋಡೆಗೆ ಕೈಕೊಟ್ಟು ದಂಡ. ಗೋಡೆಗೆ ಸುಲಭವಾದ ಮೇಲೆ ಅಡುಗೆಮನೆ ಕಟ್ಟೆಗೆ. ಮೂರನೆಯದು ಐದು ಕಿಲೋ ಅಕ್ಕಿ ಚೀಲ. ಮಂಡಿ ಸ್ವಲ್ಪ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಸೊಂಟದಿಂದ ಬಾಗಿ ಎತ್ತಿ ನಿಲ್ಲುವುದು. ಕೊನೆಗೆ ಎರಡೂ ಕೈಯಲ್ಲಿ ಸಮ ಭಾರದ ಚೀಲ ಹಿಡಿದು ಹಜಾರದ ಉದ್ದಕ್ಕೂ ನಡೆಯುವುದು. ತರಕಾರಿ ಮಾರ್ಕೆಟ್‌ನಿಂದ ಬರುವಾಗ ಮಾಡುವುದೂ ಇದೇ ತಾನೆ, ಅಕ್ಕ ಅದನ್ನು ಮಾತ್ರ ಖುಷಿಯಿಂದ ಮಾಡಿದಳು.

ಇಲ್ಲಿ ಗುಟ್ಟು ಒಂದೇ. ಹತ್ತು ಸಲ ಎತ್ತಿದರೆ ಕೊನೆಯ ಎರಡು ಕಷ್ಟ ಅನ್ನಿಸಬೇಕು. ಹನ್ನೆರಡು ಸಲೀಸಾದರೆ ಭಾರ ಏರಿಸಬೇಕು. ಒಂದು ಕಿಲೋ ಗುಲಾಬಿ ಬಣ್ಣದ ಡಂಬಲ್ ಹಿಡಿದು ವರ್ಷಗಟ್ಟಲೆ ಕೈ ಬೀಸುವವರಿದ್ದಾರೆ, ಅದು ಆರತಿ ಎತ್ತಿದ ಹಾಗೆ. ಅಕ್ಕನ ಐದು ಕಿಲೋ ಚೀಲ ಎರಡು ತಿಂಗಳಿಗೆ ಹತ್ತಾಯಿತು. ಎತ್ತುವಾಗ ಉಸಿರು ಬಿಡಬೇಕು, ಬಿಗಿಹಿಡಿಯಬಾರದು, ಬಿಪಿ ಇರುವವರಂತೂ ಇದನ್ನು ಮರೆಯಲೇಬಾರದು.

ಮೈ ಗಡುಸಾಗುತ್ತೆ ಅನ್ನುವ ಹೆದರಿಕೆ ಬಗ್ಗೆ ಒಂದು ಮಾತು. ಅಷ್ಟು ಸ್ನಾಯು ಬೆಳೆಯಲು ಬೇಕಾದ ಟೆಸ್ಟೋಸ್ಟಿರಾನ್ ಹೆಂಗಸರಲ್ಲಿ ಗಂಡಸರಿಗಿಂತ ಬಹಳ ಕಡಿಮೆ. ಅಕ್ಕನ ಮಗ ವಾರಕ್ಕೆ ಐದು ದಿನ ಎತ್ತಿ, ಡಬ್ಬಗಟ್ಟಲೆ ಪ್ರೋಟೀನ್ ಪುಡಿ ಕುಡಿದು, ನಾಲ್ಕು ವರ್ಷದಲ್ಲಿ ಇಷ್ಟು ಬೆಳೆಸಿದ್ದಾನೆ. ವಾರಕ್ಕೆ ಎರಡು ದಿನ ಅಕ್ಕಿ ಚೀಲ ಎತ್ತುವವರಿಗೆ ಆ ಭಯ ಬೇಡ. ಹಾಗೆಯೇ ಮಲಗಿ ಹೊಟ್ಟೆ ಬಗ್ಗಿಸುವ ವ್ಯಾಯಾಮ ನೂರು ಮಾಡಿದರೂ ಹೊಟ್ಟೆಯ ಕೊಬ್ಬು ಅಲ್ಲಿಂದಲೇ ಹೋಗುವುದಿಲ್ಲ. ಕೊಬ್ಬು ಎಲ್ಲಿಂದ ಮೊದಲು ಇಳಿಯಬೇಕು ಅಂತ ನಿರ್ಧರಿಸುವುದು ದೇಹ, ನಾವಲ್ಲ.

ಹೃದಯದ ತೊಂದರೆ ಇರುವವರು, ಹತೋಟಿಗೆ ಬಾರದ ಬಿಪಿ, ಸಕ್ಕರೆಯಿಂದ ಕಣ್ಣಿನ ತೊಂದರೆ ಆದವರು, ಹರ್ನಿಯಾ ಇರುವವರು, ಇತ್ತೀಚೆಗೆ ಆಪರೇಷನ್ ಆದವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಂತರ ಸಕ್ಕರೆ ತೀರಾ ಇಳಿಯಬಹುದು, ಕೈಗೆ ಸಿಗುವ ಹಾಗೆ ಒಂದು ತುಂಡು ಬೆಲ್ಲ ಇರಲಿ. ಮಂಡಿನೋವು ಇದೆ, ನಾನು ಹೇಗೆ ಮಾಡಲಿ ಅನ್ನುವವರೇ ಜಾಸ್ತಿ. ಬಹಳಷ್ಟು ಮಂಡಿನೋವಿಗೆ ನಾವು ಕೊಡುವ ಚಿಕಿತ್ಸೆಯೇ ತೊಡೆಯ ಸ್ನಾಯು ಬಲಪಡಿಸುವುದು. ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಂಡು ಏಳಿ, ನೋವು ಹೆಚ್ಚಾಗದಷ್ಟು ಮಾಡಿ.

ಅಕ್ಕನ ಮಗನಿಗೆ ಹೇಳಿದ ಔಷಧಿ ಉಲ್ಟಾ. ಐದು ದಿನದ ಜಿಮ್ಮನ್ನು ಮೂರಕ್ಕಿಳಿಸು, ಮಿಕ್ಕ ದಿನ ಅಮ್ಮನ ಜೊತೆ ಕೆರೆ ಸುತ್ತು. ಅವನು ಕೆರೆಗೆ ಹೋಗಲಿಲ್ಲ, ಸೈಕಲ್ ಕೊಂಡ. ಆಫೀಸಿನ ಫೋನ್ ಮೀಟಿಂಗ್‌ಗಳನ್ನೆಲ್ಲ ಟೆರೇಸಿನ ಮೇಲೆ ನಡೆದಾಡುತ್ತಾ ಮುಗಿಸುತ್ತಾನೆ. ರಾತ್ರಿ ಹನ್ನೊಂದಕ್ಕೆ ತರಿಸಿಕೊಳ್ಳುತ್ತಿದ್ದ ಬಿರಿಯಾನಿ ವಾರಕ್ಕೆ ಒಂದಕ್ಕಿಳಿದಿದೆ ಅಂತ ಅವನ ಹೇಳಿಕೆ, ಅಕ್ಕನ ಪ್ರಕಾರ ಎರಡು.

ಅಕ್ಕ ರಾತ್ರಿ ಊಟ ಮತ್ತೆ ಶುರು ಮಾಡಿದ್ದಾಳೆ. ಒಂದು ರಾಗಿ ರೊಟ್ಟಿ, ಕಾಳಿನ ಪಲ್ಯ, ಮೊಸರು. ಬೆಳಗಿನ ನಡಿಗೆ ಒಂದೂವರೆ ಗಂಟೆಯ ಬದಲು ಮುಕ್ಕಾಲು ಗಂಟೆ, ಆದರೆ ಜೋರು. ಐದು ತಿಂಗಳ ನಂತರ ತೂಕ 55ರಿಂದ 55.5 ಆಗಿತ್ತು. ಮೆಷಿನ್ ಮೇಲೆ ನಿಂತು "ಏನೇ ಇದು, ಜಾಸ್ತಿ ಆಯ್ತಲ್ಲೇ" ಅಂತ ಮುಖ ಸಣ್ಣದು ಮಾಡಿಕೊಂಡಳು. ಟೇಪು ಹಿಡಿದರೆ 84. ಎಚ್‌ಬಿಎ1ಸಿ 5.8, ಹೊಸ್ತಿಲು ಇನ್ನೂ ದಾಟಿಲ್ಲ, ಆದರೆ ಈ ಕಡೆಯ ಅಂಚಿಗೆ ಬಂದಿದ್ದಾಳೆ. ಕುರ್ಚಿಯಿಂದ ಒಂದೇ ಉಸಿರಿಗೆ ಹದಿನೆಂಟು ಸಲ ಏಳುತ್ತಾಳೆ.

ಇದು ಯಾವುದರಿಂದ ಆಯಿತು ಅನ್ನುವ ಬಗ್ಗೆ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ. ನಡಿಗೆ ಜೋರು ಮಾಡಿದ್ದರಿಂದ ಅಂತ ಅಕ್ಕ, ಚೀಲ ಎತ್ತಿದ್ದರಿಂದ ಅಂತ ಅವಳ ಮಗ. ನನ್ನ ಅನುಮಾನ ಆ ರಾತ್ರಿಯ ಕಾಳಿನ ಪಲ್ಯದ ಮೇಲೂ ಇದೆ.